ಬಾಯಿ ಕಟ್ಟಿದ ಕೈಕೋವಿ

“ಮೊದಲು ಕಣ್ಣು, ಆಮೇಲೆ ಕೈ. ಅಲ್ಲೀವರೆಗೂ ಯಾರೂ ಮುಟ್ಟಬೇಡಿ,” ಎನ್ನುತ್ತ ಮೈಸೂರಿನಿಂದ ಬಂದ ಕೋವಿ ಪರೀಕ್ಷಕ ಸುನೀಲ್ ಕುಮಾರ್ ಅರಗಿನ ಸೀಲು ಒಡೆದ.

ಬಟ್ಟೆಯ ಗಂಟಿನಿಂದ ಹೊರಬಂದದ್ದು ಭೀಮನಬೀಡಿನ ನೀಲಕಂಠಸ್ವಾಮಿಯವರನ್ನು ಕೊಂದ ರಿವಾಲ್ವರ್. “ಅಪ್ಪನ್ನ ಹೊಡ್ದೋನು ನಾನೇ” ಎಂದು ಅದನ್ನು ಟವಲಿನಲ್ಲಿ ಸುತ್ತಿ ಗುಂಡ್ಲುಪೇಟೆ ಸ್ಟೇಷನ್ನಿಗೆ ಒಯ್ದು ಕೊಟ್ಟು, ಈಗ ಜೈಲಿನಲ್ಲಿ ಕೂತಿರುವವನು ಅವರ ಒಬ್ಬನೇ ಮಗ ಚಂದ್ರಕುಮಾರ್. ಮೇಜಿನಿಂದ ಒಂದಷ್ಟು ದೂರದಲ್ಲಿ, ಹೊಂಗೆ ಮರದ ನೆರಳಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವಳು ಅವನ ಹೆಂಡತಿ ಶಿವರಂಜನಿ.

ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಮಾವ ಸತ್ತ ದಿನವೂ ಅಳು ಬರಲಿಲ್ಲ, ಗಂಡನನ್ನು ಜೈಲಿಗೆ ಒಯ್ಯಲು ಜೀಪು ಹತ್ತಿಸಿದಾಗಲೂ ಬರಲಿಲ್ಲ. ‘ಕಲ್ಲೆದೆಯೋಳು ಕಣಮ್ಮಿ’ ಎಂದು ಬೀದಿಯ ಹೆಂಗಸರು ಆಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಅದೂ ಯಾರನ್ನೋ ಅಂದ ಹಾಗಿತ್ತು. ಹಲ್ಲು ಕೀಳಿಸಿಕೊಂಡು ಬಂದವರ ದವಡೆಯ ಹಾಗೆ ಮೈಯೆಲ್ಲ ಜೋಮು. ಅಷ್ಟು ಜೋಮಿನೊಳಗೂ ಒಂದೇ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ಅವನು ಹೊಡೆದಿಲ್ಲ, ಅವನು ಮನೆಗೆ ಬರಬೇಕು.

ಅದಕ್ಕೇ ಅವಳು ನಿನ್ನೆ ಯಾರಿಗೂ ಹೇಳದೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದು ಇನ್‌ಸ್ಪೆಕ್ಟರ್ ಶಶಿರೇಖಾ ಅವರ ಮುಂದೆ ನಿಂತಿದ್ದು.

“ಆ ಕೋವಿ ಹಾರಿರೋಕೆ ಸಾಧ್ಯನೇ ಇಲ್ಲ ಮೇಡಂ. ಅದರ ಬಾಯಿ ಕಟ್ಟಿದ್ದೆ.”

“ಬಾಯಿ ಕಟ್ಟೋದು ಅಂದ್ರೆ?”

ಹೇಳಿದಳು. ಆ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ ಅದು. ಗಂಡನ ಮುತ್ತಜ್ಜನ ಕಾಲದಲ್ಲಿ ಪೂಜೆಗಿಟ್ಟಿದ್ದ ಕೋವಿ ಸಿಡಿದು, ಕೊಟ್ಟಿಗೆಯಲ್ಲಿ ನಿಂತಿದ್ದ ಎತ್ತು ಬಿತ್ತಂತೆ. ಶಿವನ ವಾಹನವನ್ನು ಕೊಂದ ಪಾಪ ಎಂದು ಮನೆಮಂದಿ ಅತ್ತು ಕರೆದರಂತೆ. ಅಂದಿನಿಂದ ಅದರ ಬಾಯಿ ತೆರೆದಿಡುವುದಿಲ್ಲ. ಆಯುಧಪೂಜೆಯ ದಿನ ಜೇನುಮೇಣಕ್ಕೆ ವಿಭೂತಿ ಕಲಸಿ, ನಾದಿ, ನಳಿಗೆಯ ಬಾಯಿಗೆ ಹೆಬ್ಬೆರಳಿನಿಂದ ಒತ್ತಿ ತುಂಬುತ್ತಾರೆ. ಚುನಾವಣೆ ಬಂದು ಸ್ಟೇಷನ್ನಿಗೆ ಒಪ್ಪಿಸುವಾಗ ಮೇಣ ಬಿಡಿಸುತ್ತಾರೆ, ವಾಪಸು ಬಂದ ದಿನ ದೀಪ ಹಚ್ಚುವ ಹೊತ್ತಿಗೆ ಮತ್ತೆ ಕಟ್ಟುತ್ತಾರೆ. ಗಂಡಸರು ಆ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ. ಮನೆಯ ಹಿರಿ ಹೆಂಗಸೇ ಮಾಡಬೇಕು. ಈ ಸಲದ ಹಬ್ಬದಲ್ಲಿ ಅತ್ತೆ ಚಿಕ್ಕಮಲ್ಲಮ್ಮ ನೆಂಟರೆಲ್ಲರ ಎದುರಿಗೆ ಮೇಣದ ಉಂಡೆಯನ್ನು ಸೊಸೆಯ ಅಂಗೈಗೆ ಹಾಕಿ, “ಇನ್ ಮ್ಯಾಕೆ ನಿಂದೇ ಕಣವ್ವ” ಎಂದಿದ್ದರು.

“ಈ ಕೈಯಿಂದ್ಲೇ ಕಟ್ಟಿದ್ದೀನಿ. ನಳಿಗೆ ಒಳಗೆ ನೋಡ್ಸಿ. ಮೇಣ ಇದ್ರೆ ಅವರು ಹೊಡೆದಿಲ್ಲ ಅಂತ ತಾನೆ?”

ಶಶಿರೇಖಾ ಉಡಿಗಾಲ ಎಂಬ ಹಳ್ಳಿಯ ಹೆಣ್ಣುಮಗಳು, ದನಿ ಏರಿಸದೆ ಬಾಯಿ ಬಿಡಿಸುವುದರಲ್ಲಿ ಹೆಸರಾದವರು. ಸ್ಟೇಷನ್ನಿನವರು ಕೋವಿಯನ್ನು ಟವಲಿನ ಸಮೇತ ಹಾಗೇ ಪ್ಯಾಕು ಮಾಡಿ ಅರಗು ಒತ್ತಿಬಿಟ್ಟಿದ್ದರು. ಕೊಂದವನೇ ತಂದು ಕೊಟ್ಟಿದ್ದಾನೆ, ಇನ್ನು ನೋಡುವುದೇನು ಎಂಬ ಸೋಮಾರಿತನ, ಮತ್ತೇನಲ್ಲ. “ನಾಳೆ ಮೈಸೂರಿಂದ ಕೋವಿ ಪರೀಕ್ಷೆ ಮಾಡೋ ಆಫೀಸರ್ ಬರ್ತಾರೆ. ನೀವೂ ಬನ್ನಿ. ನಿಮ್ಮನೇದು ಹೌದೋ ಅಲ್ವೋ ಅಂತ ಗುರುತು ಹೇಳೋಕೂ ಒಬ್ರು ಬೇಕು,” ಎಂದಿದ್ದರು.

ಹೀಗೆ ಅವಳು ಈಗ ಪೊಲೀಸರು ಗುಂಡು ಹಾರಿಸಿ ಅಭ್ಯಾಸ ಮಾಡುವ ಬಯಲಿನಲ್ಲಿ, ಮಣ್ಣಿನ ದಿಬ್ಬದ ಎದುರು ಕೂತಿದ್ದಳು.

ಸುನೀಲ್ ಕುಮಾರ್ ಕೈಗೆ ಗ್ಲೌಸು ಏರಿಸಿ ರಿವಾಲ್ವರನ್ನು ಎತ್ತಿದ. ಎತ್ತುವಾಗಲೇ ಬಾಯಿ ದಿಬ್ಬದ ಕಡೆಗೆ, ಬೆರಳು ಟ್ರಿಗರಿನಿಂದ ಹೊರಗೆ. ಮಾತೆಲ್ಲ ಮೇಷ್ಟರ ಹಾಗೆ.

“ನಿಮ್ಮನೇಲಿ ಇದನ್ನ ಏನಂತಾರಮ್ಮ?”

“ದೊರೆ ಕೋವಿ ಅಂತಾರೆ. ಇಂಗ್ಲಿಷ್ ದೊರೆ ಕೊಟ್ಟಿದ್ದಂತೆ.”

“ದೊರೆ ಕೊಟ್ಟಿರಬಹುದು. ಆದ್ರೆ ಕೋವಿ ಇಂಗ್ಲೆಂಡಿಂದಲ್ಲ.” ಅವನು ಮಸೂರ ಹಿಡಿದು ಶಶಿರೇಖಾ ಅವರನ್ನು ಕರೆದ. “ಇಲ್ಲಿ ನೋಡಿ ಮೇಡಂ, ಮೊಟ್ಟೆ ಆಕಾರದ ಗೆರೆ, ಒಳಗೆ ಮೂರು ಅಕ್ಷರ, ಕೆಳಗೆ ಒಂದು ನಕ್ಷತ್ರ. ಇದು ಬೆಲ್ಜಿಯಂನಲ್ಲಿ ಪರೀಕ್ಷೆ ಆದ ಮಾಲು. ಇಂಗ್ಲಿಷ್ ಕೋವಿಗಳಿಗೆ ಬೆಲೆ ಬಂದಾಗ ಅದೇ ರೂಪದಲ್ಲಿ ಇಂಥವನ್ನ ಬೇಕಾದಷ್ಟು ಮಾಡಿ ಮಾರಿದ್ದಾರೆ. ನೂರು ವರ್ಷ ದಾಟಿದೆ.”

ಭೀಮನಬೀಡಿನ ಆ ಮನೆಯಲ್ಲಿ ‘ದೊರೆ ಕೋವಿ’ಯ ಜಂಬಕ್ಕೆ ಎಷ್ಟು ಮದುವೆ ಮಾತುಕತೆಗಳು ಕುದುರಿದ್ದವೋ ಏನೋ. ಶಿವರಂಜನಿಯ ಮದುವೆಯಲ್ಲೂ ಬೀಗರಿಗೆ ಅದನ್ನು ತಟ್ಟೆಯಲ್ಲಿಟ್ಟು ತೋರಿಸಿದ್ದರು. ಮಾವ ಸಾಯುವ ಹಿಂದಿನ ದಿನ ಅಪ್ಪ ಮಗ ಜಗಳವಾಡಿದ್ದೂ ಅದರ ಸಲುವಾಗಿಯೇ. ಕೋವಿಯಿಂದ ಬರೀ ತಲೆನೋವು, ಲೈಸೆನ್ಸ್ ನವೀಕರಿಸುವ ಬದಲು ಸರ್ಕಾರಕ್ಕೇ ಒಪ್ಪಿಸಿಬಿಡುತ್ತೇನೆ ಎಂದು ಅಪ್ಪ. ಮನೆತನದ ಮಾನವನ್ನು ಎತ್ತಿ ಕೊಡೋಕೆ ನೀನ್ಯಾರು ಎಂದು ಮಗ. ಬೀದಿಗೆಲ್ಲ ಕೇಳಿಸಿತ್ತು. ಈಗ ಅದು ಬೆಲ್ಜಿಯಂನ ನಕಲು ಎಂದು ಗೊತ್ತಾದರೂ ಅವಳಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ.

“ಯಾವ ದೇಶದ್ದಾದ್ರೆ ಏನು ಸಾರ್?” ಶಶಿರೇಖಾ ಕೇಳಿದರು.

“ಜೀವ ಉಳಿಯೋ ಪ್ರಶ್ನೆ ಮೇಡಂ. ಇದು ಕರಿಮದ್ದಿನ ಕಾಲದ ಕಬ್ಬಿಣ. ಈಗಿನ ಹೊಗೆ ಬರದ ಮದ್ದಿಗೆ ಪರೀಕ್ಷೆ ಆಗಿದ್ರೆ ಅದಕ್ಕೆ ಬೇರೆ ಗುರುತು ಒತ್ತಿರ್ತಾರೆ. ಇದ್ರಲ್ಲಿ ಇಲ್ಲ. ಅಳತೆ ಸರಿಹೋಯ್ತು ಅಂತ ಈಗಿನ ತೋಟಾ ಹಾಕಿದ್ರೆ ಹೊಡೆದೋನ ಬೆರಳು ಹೋಗುತ್ತೆ.”

ಅವನು ಹಿಂಬದಿಯ ಕೀಲು ಒತ್ತಿದ. ರಿವಾಲ್ವರ್ ನಡುವಿನಲ್ಲಿ ಮುರಿದ ಹಾಗೆ ಮುಂದಕ್ಕೆ ಬಾಗಿ, ತೋಟಾ ತುಂಬುವ ಆರು ಕಣ್ಣಿನ ಉರುಳೆ ತೆರೆದುಕೊಂಡಿತು. ಐದು ಕಣ್ಣು ಬರಿದು. ಒಂದರಲ್ಲಿ ಹಾರಿದ ತೋಟಾದ ಹಿತ್ತಾಳೆ ಕೊಳವೆ. ಅದನ್ನು ಬೇರೆ ತೆಗೆದಿಟ್ಟು, ಕೋವಿಯನ್ನು ಆಕಾಶದ ಕಡೆ ಹಿಡಿದು ಹಿಂದಿನಿಂದ ಇಣುಕಿದ. ಇನ್ನೊಂದು ಸಲ ಇಣುಕಿದ.

“ಬೆಳಕು ಬರ್ತಿಲ್ಲ,” ಎಂದ.

ಶಿವರಂಜನಿ ಎದ್ದು ನಿಂತಳು. ಅವನು ಕೋವಿ ತಿರುಗಿಸಿ ಮುಂದಿನಿಂದ ನೋಡಿದ.

“ಮೂತಿ ಹತ್ರ ಏನೋ ತುಂಬಿದೆ. ಬೆಳ್ಳಗಿದೆ. ಮೇಣ ಇದ್ದ ಹಾಗಿದೆ.”

“ಹೇಳಿದ್ನಲ್ಲ ಮೇಡಂ,” ಎಂದಳು. ದನಿ ತನ್ನದೇ ಹೌದೋ ಅಲ್ಲವೋ ಅನ್ನುವಷ್ಟು ತಣ್ಣಗಿತ್ತು. “ಕಟ್ಟಿದ್ದು ಕಟ್ಟಿದ ಹಾಗೇ ಅದೆ. ಅವರು ಹೊಡೆದಿಲ್ಲ.”

ಶಶಿರೇಖಾ ಸುನೀಲ್ ಕುಮಾರ್ ಕಡೆ ನೋಡಿದರು.

“ಪರೀಕ್ಷೆ ಇನ್ನೂ ಶುರುವೇ ಆಗಿಲ್ಲ ಮೇಡಂ. ಇದ್ರಿಂದ ಒಂದು ಗುಂಡು ಹಾರಿಸಿ, ಹೆಣದಲ್ಲಿ ಸಿಕ್ಕಿದ ಗುಂಡಿನ ಜೊತೆ ಇಟ್ಟು ನೋಡ್ಬೇಕು. ಹಾರಿಸೋಕೆ ಮುಂಚೆ ನಳಿಗೆ ಬರಿದಾಗ್ಬೇಕು. ಬಾಯಿ ಮುಚ್ಚಿದ ನಳಿಗೇಲಿ ಹೊಡೆದ್ರೆ ನಳಿಗೆ ಉಬ್ಬುತ್ತೆ, ಇಲ್ಲ ಸೀಳಿಹೋಗುತ್ತೆ. ಇದು ಉಬ್ಬಿಲ್ಲ.”

“ಅಂದ್ರೆ ಹಾರಿಲ್ಲ ಅಂತ ತಾನೆ?” ಶಿವರಂಜನಿ ಕೇಳಿದಳು.

“ಮೇಣ ಇದ್ದಾಗ ಹಾರಿಲ್ಲ ಅಂತ. ಅಷ್ಟೇ ಹೇಳಬಹುದು.”

ಅವನು ಒಂದು ಮರದ ಕಡ್ಡಿಯನ್ನು ಹಿಂದಿನಿಂದ ನಳಿಗೆಗೆ ಇಳಿಸಿ, ಮೆತ್ತಗೆ ಒತ್ತಿದ. ಮೇಣದ ಬಿರಡೆ ಜಾರಿ ಬಿಳಿ ಬಟ್ಟೆಯ ಮೇಲೆ ಬಿತ್ತು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಮುಂದಿನ ತುದಿ ವಿಭೂತಿಯಿಂದ ಬೆಳ್ಳಗೆ. ಹಿಂದಿನ ತುದಿ ಕಪ್ಪಗೆ, ಬಾಣಲೆಯ ತಳದ ಮಸಿ ಮೆತ್ತಿಕೊಂಡ ಹಾಗೆ.

ಸುನೀಲ್ ಕುಮಾರ್ ಕಡ್ಡಿಯ ತುದಿಗೆ ಬಿಳಿ ಬಟ್ಟೆಯ ತುಂಡು ಸುತ್ತಿ ನಳಿಗೆಯೊಳಗೆ ಒಮ್ಮೆ ಆಡಿಸಿ ತೆಗೆದ. ಬಟ್ಟೆ ಕರ್ರಗಾಗಿತ್ತು.

“ಮದ್ದಿನ ಮಸಿ,” ಎಂದ. “ಕೋವಿ ಹಾರಿದೆ. ಹಾರಿದ ಮೇಲೆ ಮೇಣ ತುಂಬಿದ್ದಾರೆ. ಬಿರಡೆ ಮುಟ್ಟಿ ನೋಡಿ ಮೇಡಂ, ಇನ್ನೂ ಮೆತ್ತಗಿದೆ. ಆಯುಧಪೂಜೇಲಿ ತುಂಬಿದ್ದಾಗಿದ್ರೆ ಇಷ್ಟು ಹೊತ್ತಿಗೆ ಒಣಗಿ ಬಿರುಕು ಬಿಟ್ಟು, ಧೂಳು ಕೂತಿರ್ತಿತ್ತು.”

ಶಿವರಂಜನಿ ಕುರ್ಚಿಗೆ ವಾಪಸು ಬಂದು ಕೂತಳು. ದೂರದಲ್ಲಿ ಯಾರೋ ಕಾನ್ಸ್‌ಟೇಬಲ್ ಫೋನಿನಲ್ಲಿ ಗ್ಯಾಸ್ ಸಿಲಿಂಡರ್ ಬಂತಾ ಎಂದು ಮನೆಯವರನ್ನು ಕೇಳುತ್ತಿದ್ದ. ಅವಳು ಅದನ್ನೇ ಕೇಳುತ್ತ ಕೂತಳು.

ಆಮೇಲಿನದನ್ನು ಅವಳು ನೋಡಿದಳು, ಆದರೆ ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ. ಸುನೀಲ್ ಕುಮಾರ್ ತೋಟಾಕ್ಕೆ ಬಡಿಯುವ ಕುದುರೆಯನ್ನು ಹಿಂದಕ್ಕೆ ಎಳೆದು ನಿಲ್ಲಿಸಿ ಉರುಳೆಯನ್ನು ಅಲ್ಲಾಡಿಸಿ ನೋಡಿದ. ಅದು ಸಡಿಲವಿದ್ದರೆ ಕಣ್ಣೂ ನಳಿಗೆಯೂ ನೇರಕ್ಕೆ ಬರದೆ ಸೀಸ ಪಕ್ಕಕ್ಕೆ ಸಿಡಿಯುತ್ತದಂತೆ. ಆರೂ ಕಣ್ಣಿಗೆ ಸರದಿಯಾಗಿ ಕಡ್ಡಿ ಇಳಿಸಿ ನೇರ ನೋಡಿದ. ತಾನೇ ತಯಾರು ಮಾಡಿ ತಂದಿದ್ದ, ಕರಿಮದ್ದು ಕಡಿಮೆ ಹಾಕಿದ ಒಂದೇ ಒಂದು ತೋಟಾ ತುಂಬಿದ. ಕೋವಿಯನ್ನು ಕೈಯಲ್ಲಿ ಹಿಡಿಯಲಿಲ್ಲ. ಕಬ್ಬಿಣದ ಹಿಡಿಕೆಗೆ ಬಿಗಿದು, ಸುತ್ತ ಮರಳಿನ ಮೂಟೆ, ಹಿಂದೆ ಲಾರಿಯ ಹಳೇ ಟೈರು ಇಟ್ಟು, ಟ್ರಿಗರಿಗೆ ಉದ್ದನೆಯ ದಾರ ಕಟ್ಟಿದ. ಮುಂದೆ ಹತ್ತಿ ತುಂಬಿದ ಉದ್ದನೆಯ ಪೆಟ್ಟಿಗೆ.

“ಎಲ್ರೂ ಗೋಡೆ ಹಿಂದಕ್ಕೆ ಬನ್ನಿ. ಕಿವಿ ಮುಚ್ಕೊಳಿ. ಹಾರ್ಲಿಲ್ಲ ಅಂದ್ರೆ ಯಾರೂ ಹತ್ರ ಹೋಗ್ಬೇಡಿ. ಹಳೇ ಕೋವಿ ತಡವಾಗಿ ಕೆಮ್ಮೋದೂ ಉಂಟು.”

ದಾರ ಎಳೆದ. ಸದ್ದು ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಆ ಸಂಜೆ ತಾರಸಿಯ ಮೇಲೆ ಒಣಗಿದ ಸಂಡಿಗೆ ಎತ್ತುತ್ತಿದ್ದಾಗ ಕೇಳಿದ್ದ ಸದ್ದೇ ಅದು. ಯಾರೋ ಹೊಲದಲ್ಲಿ ಹಂದಿ ಓಡಿಸುವ ಪಟಾಕಿ ಹಚ್ಚಿದ್ದಾರೆ ಎಂದುಕೊಂಡು ಸಂಡಿಗೆ ಎತ್ತುತ್ತಲೇ ಇದ್ದಳು. ಕೆಳಗೆ ಅರಿಶಿನ ತುಂಬುವ ಕೋಣೆಯಲ್ಲಿ ಮಾವ ಬಿದ್ದಿದ್ದರು.

ಬಿಳಿ ಹೊಗೆ ಕರಗಿದ ಮೇಲೆ ಹತ್ತಿಯೊಳಗಿಂದ ಗುಂಡು ಹುಡುಕಿ ತೆಗೆದರು. ಹೆಣದಲ್ಲಿ ಸಿಕ್ಕಿದ ಗುಂಡಿನ ಪಕ್ಕ ಇಟ್ಟು ಸುನೀಲ್ ಕುಮಾರ್ ಮಸೂರದಲ್ಲಿ ನೋಡಿದ. ಮೈಸೂರಿಗೆ ಹೋಗಿ ಬರೆದು ಕೊಡುತ್ತೇನೆ, ಆದರೆ ನಳಿಗೆ ಗುಂಡಿನ ಮೇಲೆ ಬಿಡುವ ಗೆರೆಗಳ ಲೆಕ್ಕವೂ ತಿರುವೂ ಒಂದೇ, ನನಗೆ ಅನುಮಾನವಿಲ್ಲ ಎಂದ.

ಶಶಿರೇಖಾ ಬಂದು ಶಿವರಂಜನಿಯ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡರು.

“ರಂಜನಿ, ನಿಮ್ಮನೆ ಕೋವಿನೇ ನಿಮ್ಮ ಮಾವನೋರನ್ನ ಕೊಂದಿದೆ. ಕೊಂದ ಮೇಲೆ ಯಾರೋ ಅದರ ಬಾಯಿ ಕಟ್ಟಿದ್ದಾರೆ. ಹೊರಗಿನೋರು ಬಂದು ಹೊಡೆದಿದ್ರೆ ಬಿಸಾಕಿ ಓಡ್ತಿದ್ರು. ಹೆಣ ಪಕ್ಕದಲ್ಲಿದ್ರೂ ಮೇಣ ಕಲಸಿ, ವಿಭೂತಿ ಹಾಕಿ, ಒತ್ತಿ ತುಂಬೋಳು ನಿಮ್ಮನೆ ಹೆಂಗಸೇ. ಬೇರೆ ಯಾರಿಗೂ ಅದು ಹೊಳೆಯೋದೂ ಇಲ್ಲ.”

“ಹೂಂ.”

“ನಿನ್ನೆ ನೀವೇ ಹೇಳಿದ್ರಿ. ಈ ವರ್ಷದಿಂದ ಅದು ನಿಮ್ಮ ಕೈ ಕೆಲಸ ಅಂತ.”

“ಹೂಂ.”

“ಆವತ್ತು ಕಟ್ಟಿದೋರು ನೀವಾ?”

“ಅಲ್ಲ ಮೇಡಂ.”

“ಹಂಗಾದ್ರೆ ಉಳಿದೋರು ಒಬ್ರೇ. ನಡೀರಿ ಭೀಮನಬೀಡಿಗೆ.”

ಜೀಪು ತೆರಕಣಾಂಬಿ ದಾಟಿತು. ರಸ್ತೆಯ ಎರಡು ಕಡೆಯೂ ಅರಿಶಿನ ಅಗೆದು ಮುಗಿದ ಹೊಲಗಳು. ಅಲ್ಲಲ್ಲಿ ಬೇಯಿಸಿದ ಅರಿಶಿನದ ರಾಶಿ ಒಣಗುತ್ತಿತ್ತು. ಶಿವರಂಜನಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಆಗ ಒಂದು ವಿಷಯ ಬಹಳ ನಿಧಾನವಾಗಿ ಅವಳ ತಲೆಗೆ ಬಂತು.

ಅವಳ ಗಂಡ ಆ ಕೋವಿಯನ್ನು ಟವಲಿನಲ್ಲಿ ಸುತ್ತುವಾಗ ಅದರ ಬಾಯಿ ನೋಡಿಯೇ ಇರಬೇಕು. ಅಪ್ಪ ಸತ್ತು ಬಿದ್ದಿದ್ದಾನೆ, ಪಕ್ಕದಲ್ಲಿ ಕೋವಿ, ಕೋವಿಯ ಬಾಯಲ್ಲಿ ಹಸಿ ಮೇಣ. ಈ ವರ್ಷ ಬಾಯಿ ಕಟ್ಟುವವಳು ಯಾರು ಎಂಬುದು ಅವನಿಗೆ ಗೊತ್ತಿಲ್ಲದ್ದೇ? ಹಬ್ಬದ ದಿನ ಅವನೇ ಪಕ್ಕದಲ್ಲಿ ನಿಂತು, “ಬೇಗ ಒತ್ತೇ, ಹೋಳಿಗೆ ಆರ್ತದೆ” ಎಂದು ರೇಗಿಸಿದ್ದ. ಸ್ಟೇಷನ್ನಿಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, “ನೀನು ಏನೂ ಮಾತಾಡ್ಬೇಡ. ಯಾರು ಕೇಳಿದ್ರೂ ನಂಗೇನೂ ಗೊತ್ತಿಲ್ಲ ಅನ್ನು” ಎಂದಿದ್ದು ಅದಕ್ಕೆ. ಅವನು ಅವಳನ್ನು ಕೊಲೆಗಾತಿ ಎಂದುಕೊಂಡಿದ್ದ. ಅಂದುಕೊಂಡೂ ತಾನೇ ಜೈಲಿಗೆ ಹೋಗಿದ್ದ.

ಇಷ್ಟು ದಿನ ಬಾರದ ಅಳು ಆಗ ಬಂತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ದಿನವೂ ಬಾಯಿ ಬಿಟ್ಟು ಪ್ರೀತಿಯ ಮಾತಾಡದ ಗಂಡಸು. ಸಾರಿಗೆ ಉಪ್ಪು ಜಾಸ್ತಿಯಾದರೆ ತಟ್ಟೆ ಸರಿಸಿ ಎದ್ದು ಹೋಗುವ ಗಂಡಸು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಶಶಿರೇಖಾ ನೀರಿನ ಬಾಟಲಿ ಕೊಟ್ಟರು.

“ನಮ್ಮತ್ತೆ ಪೊಲೀಸ್ನೋರ ಮುಂದೆ ಬಾಯಿ ಬಿಡಲ್ಲ ಮೇಡಂ. ಮೊದ್ಲು ನಾನು ಕೇಳ್ತೀನಿ,” ಎಂದಳು ಮೂಗು ಒರೆಸಿಕೊಂಡು.

“ಕೇಳಿ. ನಾನು ಜಗುಲಿ ಮೇಲೆ ಕೂತಿರ್ತೀನಿ.”

ಚಿಕ್ಕಮಲ್ಲಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಕತ್ತಿನಲ್ಲಿ ಲಿಂಗದ ಕರಡಿಗೆ. ಗಂಡ ಸತ್ತ ಮರುದಿನದಿಂದಲೂ ಮನೆಯ ಯಾವ ಕೆಲಸವೂ ನಿಂತಿರಲಿಲ್ಲ.

“ಎಲ್ಗೋಗಿದ್ದವ್ವ?”

“ಚಾಮರಾಜನಗರಕ್ಕೆ. ಕೋವಿ ಪರೀಕ್ಷೆ ಮಾಡಿದ್ರು.” ಶಿವರಂಜನಿ ಎದುರಿಗೆ ಕುಕ್ಕರುಗಾಲಲ್ಲಿ ಕೂತು ದನಿ ತಗ್ಗಿಸಿದಳು. “ಅತ್ತೆ, ಆವತ್ತು ಅದರ ಬಾಯಿ ಕಟ್ಟಿದೋರು ನೀವೇ.”

ಮೊರ ಒಂದು ಸಲ ನಿಂತು ಮತ್ತೆ ಆಡಿತು.

“ಬಾಯ್ತೆರ್ಕೊಂಡು ಬಿದ್ದಿತ್ತು. ದೀಪ ಹಚ್ಚೋ ಹೊತ್ತಾಗಿತ್ತು. ಹಂಗೇ ಬುಡಾಕಾಯ್ತದ?”

“ಮಾವ ಅಲ್ಲಿ ಬಿದ್ದಿದ್ರಲ್ಲ ಅತ್ತೆ.”

“ಬಿದ್ದಿದ್ರು. ನಂಗೇನು ಕಣ್ಣಿರ್ನಿಲ್ವ?” ಚಿಕ್ಕಮಲ್ಲಮ್ಮ ಕಲ್ಲೊಂದನ್ನು ಆಯ್ದು ಮೂಲೆಗೆ ಎಸೆದರು. “ಕೈಯಿ ತಂತಾನೇ ಮಾಡ್ತು ಕಣವ್ವ. ಮದ್ವೆಯಾಗಿ ಬಂದಾಗ್ನಿಂದ ಮಾಡಿರೋ ಕೆಲ್ಸ. ದೇವ್ರ ಕೋಣೆಗೋಗಿ ಮೇಣ ತಕ್ಕಂಡು ಬಂದೆ, ಈಬತ್ತಿ ಕಲುಸ್ದೆ, ಕಟ್ದೆ. ಆಮೇಕೆ ಇಲ್ಬಂದು ಕೂತ್ಕಂಡೆ. ಅಳಬೇಕು ಅನ್ನಿಸ್ನಿಲ್ಲ. ಏನೂ ಅನ್ನಿಸ್ನಿಲ್ಲ.”

ಏನೂ ಅನ್ನಿಸದಿರುವುದು ಎಂದರೇನು ಎಂದು ಶಿವರಂಜನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮುದುಕಿಯ ಮೇಲೆ ಕೋಪ ಬರಲಿಲ್ಲ.

“ನಿಮ್ಮಗ ಅದನ್ನ ನೋಡಿ, ನಾನೇ ಕಟ್ಟಿದ್ದು, ನಾನೇ ಹೊಡೆದಿದ್ದು ಅನ್ಕೊಂಡಿದ್ದಾರೆ. ನನ್ನ ಉಳಿಸೋಕೆ ಹೋಗಿ ಒಪ್ಕೊಂಡಿದ್ದಾರೆ ಅತ್ತೆ. ಇನ್‌ಸ್ಪೆಕ್ಟರಮ್ಮ ಜಗುಲಿ ಮೇಲೆ ಅವ್ರೆ. ಬನ್ನಿ, ಕಟ್ಟಿದ್ದು ನಾನು ಅಂತ ಒಂದು ಮಾತು ಹೇಳ್ಬುಡಿ. ಅವರು ಮನೆಗೆ ಬರ್ತಾರೆ.”

ಚಿಕ್ಕಮಲ್ಲಮ್ಮ ಮೊರವನ್ನು ಕೆಳಗಿಟ್ಟರು. ಸೊಸೆಯ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

“ಹಂಗಂತ ಅವ ಏಳ್ದನ?”

“ಹೇಳ್ಲಿಲ್ಲ. ನಂಗೇ ಅರ್ಥ ಆಯ್ತು.”

“ಅಯ್ಯೋ ಮಂಕೇ.” ದನಿಯಲ್ಲಿ ಬೈಗುಳವಿರಲಿಲ್ಲ. “ನಾನೇಳ್ತಿನಿ, ಏಳಕ್ಕೆ ನಂಗೇನು ಎದ್ರಿಕೆ? ಆದ್ರೆ ಕಟ್ದೋಳು ನೀನಾದ್ರೆ ಒಳಿಕ್ಕೆ ಯಾಕೋದೆ, ಯಾರ್ನ ನೋಡ್ದೆ ಅಂತ ಕೇಳ್ತಳ ಇಲ್ವ ಆವಮ್ಮ?”

“ಯಾರ್ನ ನೋಡಿದ್ರಿ?”

“ಹಿತ್ಲಲ್ಲಿದ್ದೆ. ಈಡಿನ ಸದ್ದು ಕೇಳ್ತು. ಇತ್ಲಾಗೆ ತಿರುಗ್ದೆ. ಅರಿಶ್ಣದ ಕೋಣೆಯಿಂದ ಅವ ಬಂದ. ಟವಲಲ್ಲಿ ಕೈಯ ಒರುಸ್ಕಂಡು, ತೋಟ್ದ ಕಡೀಕೆ ಓದ. ನನ್ನ ನೋಡ್ನಿಲ್ಲ.”

“ಸದ್ದು ಕೇಳಿ ಓಡಿ ಬಂದಿರ್ತಾರೆ ಅತ್ತೆ.”

“ಸದ್ದು ಕೇಳ್ದೋನು ಒಳಿಕ್ಕೆ ಓಗ್ತನೆ ಕಣವ್ವ. ಇವ ಒಳ್ಗಿಂದ ಬಂದ. ಓಡ್ನೂ ಇಲ್ಲ.”

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಶಿವರಂಜನಿ ಎದ್ದು ಉರಿ ಸಣ್ಣ ಮಾಡಿ ಬಂದು ಮತ್ತೆ ಕೂತಳು. ಜೀಪಿನಲ್ಲಿ ಅತ್ತದ್ದು ಬೇರೆ ಯಾರೋ ಅತ್ತ ಹಾಗೆ ಅನ್ನಿಸಿತು. ಮೈಯಿಗೆ ಮತ್ತೆ ಜೋಮು ಹತ್ತುತ್ತಿತ್ತು, ಮೊದಲಿಗಿಂತ ಜೋರಾಗಿ. ತನ್ನನ್ನು ಉಳಿಸಲು ಒಪ್ಪಿಕೊಂಡನೇ, ಇಲ್ಲ ಮಾಡಿದ್ದನ್ನೇ ಒಪ್ಪಿಕೊಂಡನೇ? “ಏನೂ ಮಾತಾಡ್ಬೇಡ” ಎಂದದ್ದು ಯಾರ ಸಲುವಾಗಿ?

“ಇಷ್ಟು ದಿನ ನಾನ್ಯಾಕೆ ಬಾಯ್ಬುಟ್ಟಿಲ್ಲ ಗೊತ್ತಾಯ್ತ? ನಾನು ಕಟ್ದೆ ಅಂದ್ರೆ ಅವನ್ನ ನೋಡ್ದೆ ಅನ್ಬೇಕು. ಸುಳ್ಳೇಳಕ್ಕೆ ನಂಗೆ ಬರಕಿಲ್ಲ, ಕತ್ತಲ್ಲಿ ಲಿಂಗ ಅದ. ನೋಡ್ದೆ ಅಂದ್ರೆ ನನ್ನ ಬಾಯಿಂದ್ಲೇ ನನ್ನ ಮಗನ್ನ ನೇಣ್ಗಾಕ್ದಂಗೆ.” ಅವರು ಮತ್ತೆ ಮೊರ ಎತ್ತಿಕೊಂಡರು. “ನೀನೇಳು. ಏಳು ಅಂದ್ರೆ ಏಳ್ತಿನಿ.”

“ರಂಜನಿ,” ಎಂದು ನಡುಮನೆಯಿಂದ ಶಶಿರೇಖಾ ಕರೆದರು.

ಅವಳು ಎದ್ದು ನಡುಮನೆಗೆ ಬಂದಳು. ಜಗುಲಿಯಲ್ಲಿರುತ್ತೇನೆ ಎಂದಿದ್ದ ಇನ್‌ಸ್ಪೆಕ್ಟರ್ ಅಡುಗೆಮನೆಯ ಮಾತು ಕೇಳಿಸುವಷ್ಟು ಹತ್ತಿರ, ಕಂಬಕ್ಕೆ ಒರಗಿ ನಿಂತಿದ್ದರು. ಗೋಡೆಯ ಮೇಲೆ ಹೂವಿನ ಹಾರ ಒಣಗಿದ ಮಾವನ ಫೋಟೋ.

“ಕೇಳಿದ್ರಾ?”

“ಹೂಂ.”

“ಕಟ್ಟಿದ್ದು ಯಾರು?”

ಅವನು ಹೊಡೆದಿದ್ದಾನೋ ಇಲ್ಲವೋ ಅವಳಿಗೆ ಈಗ ಗೊತ್ತಿರಲಿಲ್ಲ. ಆದರೆ ಅವನು ಮನೆಗೆ ಬರಬೇಕು ಎಂಬುದು ಮಾತ್ರ ಆ ಜೋಮಿನೊಳಗೆ ಹಾಗೇ ಇತ್ತು. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

“ನಾನೇ ಮೇಡಂ. ಬೆಳಗ್ಗೆ ಸುಳ್ಳು ಹೇಳಿದ್ದೆ.”

ಶಶಿರೇಖಾ ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. “ಹೊಡೆದಿದ್ದೂ ನೀವೇನಾ?”

“ಹೂಂ.”

“ಸರಿ. ಒಂದು ಪ್ರಶ್ನೆ ಕೇಳ್ತೀನಿ. ಡಾಕ್ಟರ್ ಬರೆದಿದ್ದಾರೆ, ಗುಂಡು ಬಿದ್ದ ತಕ್ಷಣ ನಿಮ್ಮ ಮಾವನೋರ ಪ್ರಾಣ ಹೋಗಿಲ್ಲ. ಸುಮಾರು ಹೊತ್ತು ಇದ್ರಂತೆ. ನೀವು ಮೇಣ ತುಂಬೋವಾಗ ಅವರಿಗೆ ಉಸಿರಿತ್ತಾ?”

ಸುಳ್ಳು ನಿಲ್ಲಬೇಕಾದರೆ ಅದಕ್ಕೆ ಒಂದು ಕಾಲಾದರೂ ಬೇಕು. ಡಾಕ್ಟರ್ ಇತ್ತು ಎಂದಿದ್ದಾರೆ. ಅವಳೂ ಅದನ್ನೇ ಹಿಡಿದುಕೊಂಡಳು.

“ಇತ್ತು.”

“ಉಸಿರಿದ್ರೂ ಯಾರನ್ನೂ ಕೂಗ್ಲಿಲ್ಲ.”

“ಇಲ್ಲ.”

“ಪಕ್ಕದಲ್ಲಿ ಕೂತು ಮೇಣ ಕಲಸ್ತಿದ್ರಿ. ಅವರು ಉಸಿರಾಡ್ತಾ ಇದ್ರು.”

“ಹೂಂ.”

ಅಡುಗೆಮನೆಯಲ್ಲಿ ಮೊರ ಬಿದ್ದ ಸದ್ದು ಕೇಳಿತು. ಹುರುಳಿಕಾಳು ಹೊಸಿಲಿನವರೆಗೂ ಉರುಳಿ ಬಂದವು. ಚಿಕ್ಕಮಲ್ಲಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಗಂಡ ಸತ್ತಂದಿನಿಂದ ಒಣಗಿದ್ದ ಆ ಮುಖ ಕಲಸಿಹೋಗಿತ್ತು.

“ಉಸ್ರಿರ್ನಿಲ್ಲ,” ಎಂದರು. “ಅವಳು ಸುಳ್ಳೇಳ್ತಾವ್ಳೆ. ಉಸ್ರಿರ್ನಿಲ್ಲ ಕಣಮ್ಮ. ಮೂಗಿನ ತಾವ ಕೈ ಮಡಗಿ ನೋಡಿವ್ನಿ. ಎದೆ ಮ್ಯಾಲೆ ಕಿವಿ ಮಡಗಿವ್ನಿ. ಉಸ್ರಿದ್ದಿದ್ರೆ ನಾನು ಹಂಗೆ ಬುಟ್ಬುಟ್ಟು ಬತ್ತಿದ್ನ? ನಲ್ವತ್ತೊರ್ಸ ಬಾಳ್ವೆ ಮಾಡಿರೋಳು, ಉಸ್ರಿರೋ ಗಂಡನ್ನ ಬುಟ್ಬುಟ್ಟು ಬತ್ತಿದ್ನ?”

“ಅತ್ತೆ, ಒಳಗೋಗಿ,” ಎಂದಳು ಶಿವರಂಜನಿ.

ಶಶಿರೇಖಾ ಮೂಲೆಯಲ್ಲಿದ್ದ ಮಣೆಯನ್ನು ಎಳೆದು ಮುದುಕಿಯ ಮುಂದೆ ಹಾಕಿದರು. ತಾವು ಎದುರಿಗೆ, ಬರೀ ನೆಲದ ಮೇಲೆ, ಹುರುಳಿಕಾಳಿನ ನಡುವೆ ಕೂತರು.

“ಕೂತ್ಕೊಳಿ ಅವ್ವ. ನೀರು ಬೇಕಾ?”

ಚಿಕ್ಕಮಲ್ಲಮ್ಮ ಬೇಡವೆಂದು ಕೈಯಾಡಿಸಿ ಕೂತರು. ಅವರ ಬೆರಳು ಕತ್ತಿನ ಕರಡಿಗೆಯನ್ನು ಹುಡುಕಿ ಹಿಡಿದುಕೊಂಡಿತು.

“ನೀವು ಹಿತ್ತಲಲ್ಲಿದ್ರಿ. ಸದ್ದು ಕೇಳಿ ಬಂದ್ರಿ. ನೀವು ಆ ಕೋಣೆಗೆ ಹೋಗೋವಾಗ ಒಳಗಿಂದ ಆಚೆಗೆ ಬಂದೋರು ಯಾರು?”

ಚಿಕ್ಕಮಲ್ಲಮ್ಮ ಸೊಸೆಯ ಮುಖ ನೋಡಿದರು.

ಬೇಡ ಎಂದು ಶಿವರಂಜನಿ ತಲೆಯಾಡಿಸಿದಳು. ಅದನ್ನು ಇನ್‌ಸ್ಪೆಕ್ಟರ್ ನೋಡಿದರು.